ಕೆಂಪು ಪಟ್ಟಿಯ ಓರೆ ಅಕ್ಷರ

ಜರ್ಮನಿಯ ಎರಕಮನೆಯೊಂದರಲ್ಲಿ ಹುಟ್ಟಿದ ಅಚ್ಚುಮೊಳೆ ಚಂದ್ರನ ಮೇಲಿಳಿಯಿತು, ಹೆಣ್ಣುಮಕ್ಕಳ ಮೆರವಣಿಗೆಯಲ್ಲಿ ಕೂಗಿತು, ಟೀ ಶರ್ಟಿನ ಎದೆಯೇರಿ ಕೋಟಿಗಟ್ಟಲೆ ಡಾಲರ್ ದುಡಿಯಿತು. 1927ರಲ್ಲಿ ಬಂದ ‘ಫ್ಯೂಚುರಾ’ಕ್ಕೆ ನೂರು ತುಂಬುವ ಕಾಲವಿದು. ಅದರ ದಪ್ಪ, ಓರೆ ರೂಪ ಯಾರ್‍ಯಾರ ಕೈಗೆ ಸಿಕ್ಕಿ ಏನೇನು ಮಾತಾಡಿತು?

1989ರ ಏಪ್ರಿಲ್ 9, ಭಾನುವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಗರ್ಭಪಾತದ ಹಕ್ಕನ್ನು ಉಳಿಸಿಕೊಳ್ಳಬೇಕೆಂದು ಲಕ್ಷಾಂತರ ಹೆಂಗಸರು, ಅವರೊಂದಿಗೆ ಗಂಡಸರು, ಮಕ್ಕಳು ಹೆಜ್ಜೆ ಹಾಕುತ್ತಿದ್ದಾರೆ. ಅದೇ ತಿಂಗಳ 26ರಂದು ಈ ಹಕ್ಕಿಗೆ ಸಂಬಂಧಿಸಿದ ಮೊಕದ್ದಮೆಯೊಂದು ಸುಪ್ರೀಂ ಕೋರ್ಟಿನ ಮುಂದೆ ಬರಲಿದೆ.

ಆ ಮೆರವಣಿಗೆಗೆಂದೇ ತಯಾರಾದ ಪೋಸ್ಟರ್ ಒಂದಿತ್ತು. ಅದರ ತುಂಬ ಒಂದೇ ಹೆಣ್ಣುಮುಖ. ಮೂಗಿನ ನೇರಕ್ಕೆ ಗೆರೆ ಎಳೆದು ಎರಡು ಪಾಲು ಮಾಡಿದ್ದಾರೆ. ಒಂದು ಪಾಲು ಮಾಮೂಲಿ ಕಪ್ಪು–ಬಿಳುಪು ಫೋಟೊ, ಇನ್ನೊಂದು ಪಾಲು ನೆಗೆಟಿವ್. ಕಣ್ಣುಗಳು ನೆಟ್ಟಗೆ ನಮ್ಮನ್ನೇ ನೋಡುತ್ತವೆ. ಮುಖದ ಮೇಲೆ ಅಡ್ಡಡ್ಡಲಾಗಿ ಕೆಂಪು ಪಟ್ಟಿಗಳು, ಪಟ್ಟಿಗಳೊಳಗೆ ಬಿಳಿಯ ದಪ್ಪ ಅಕ್ಷರಗಳು. ‘ನಿನ್ನ ದೇಹವೇ ರಣರಂಗ’ ಎನ್ನುತ್ತವೆ ಅವು.

ಪೋಸ್ಟರ್ ಮಾಡಿದವರು ಕಲಾವಿದೆ ಬಾರ್ಬರಾ ಕ್ರೂಗರ್. ಅಕ್ಷರ ಮಾಡಿದವರು ಅದಕ್ಕೂ 33 ವರ್ಷ ಮೊದಲೇ ತೀರಿಕೊಂಡಿದ್ದ ಜರ್ಮನ್ ವಿನ್ಯಾಸಕ ಪೌಲ್ ರೆನ್ನರ್. ಕ್ರೂಗರ್ ಅವರ ಕೃತಿಗಳ ಗುರುತಾಗಿಬಿಟ್ಟ ಆ ಅಕ್ಷರದ ಹೆಸರು ಫ್ಯೂಚುರಾ ಬೋಲ್ಡ್ ಓಬ್ಲೀಕ್. ಬೋಲ್ಡ್ ಎಂದರೆ ದಪ್ಪ, ಓಬ್ಲೀಕ್ ಎಂದರೆ ಬಲಕ್ಕೆ ಓರೆ. ಅಕ್ಷರದ ತುದಿಗಳಲ್ಲಿ ಚಿಕ್ಕ ಅಡ್ಡಗೆರೆಗಳಿಲ್ಲ, ಅಲಂಕಾರವಿಲ್ಲ. ಇಂಥವನ್ನು ಸಾನ್ಸ್ ಸೆರಿಫ್ ಎನ್ನುತ್ತಾರೆ.

ಅಕ್ಷರದ ಆಕಾರಕ್ಕೆ ಸ್ವಂತ ಪಕ್ಷವಿಲ್ಲ. ಯಾರ ಕೈಗೆ ಸಿಕ್ಕರೆ ಅವರ ದನಿಯಾಗುತ್ತದೆ. ಆದರೆ ಆ ದನಿಗೆ ಅಷ್ಟು ಬಲ ಬರಬೇಕಾದರೆ ಒಬ್ಬರು ಕೂತು ಪ್ರತಿ ತಿರುವನ್ನೂ ತಿದ್ದಿರಬೇಕು. ಫ್ಯೂಚುರಾದ ನೂರು ವರ್ಷಗಳ ಪಯಣ ಈ ಎರಡು ಮಾತುಗಳಿಗೂ ಸಾಕ್ಷಿ.

### ಫ್ರಾಂಕ್‌ಫರ್ಟ್‌ನ ಎರಕಮನೆ

ಮೊದಲ ಮಹಾಯುದ್ಧ ಮುಗಿದ ಮೇಲಿನ ಜರ್ಮನಿ. ಸೋತ ದೇಶ, ಬೆಲೆಯಿಲ್ಲದ ನೋಟು. ಅದರ ನಡುವೆಯೇ ಎಲ್ಲವನ್ನೂ ಹೊಸದಾಗಿ ಕಟ್ಟಬೇಕೆಂಬ ಹಂಬಲ. ವಾಸ್ತುಶಿಲ್ಪಿಗಳು ಚಪ್ಪಟೆ ಚಾವಣಿಯ ಮನೆ ಕಟ್ಟಿದರು, ಬಡಗಿಗಳು ಕೆತ್ತನೆಯಿಲ್ಲದ ಕುರ್ಚಿ ಮಾಡಿದರು. ಆದರೆ ಓದುವ ಪುಸ್ತಕ, ಪತ್ರಿಕೆಗಳಲ್ಲಿ ಬಹುಪಾಲು ಇನ್ನೂ ‘ಫ್ರಾಕ್ಟೂರ್’ ಲಿಪಿಯಲ್ಲೇ ಅಚ್ಚಾಗುತ್ತಿದ್ದವು. ಚೂಪು ಮೂಲೆಗಳ, ಒತ್ತೊತ್ತಾಗಿ ನಿಂತ ಕಪ್ಪು ಅಕ್ಷರಗಳು ಅವು. ಮಧ್ಯಯುಗದ ಹಸ್ತಪ್ರತಿಗಳ ವಂಶಕ್ಕೆ ಸೇರಿದವು.

ಪೌಲ್ ರೆನ್ನರ್ ಹುಟ್ಟಿದ್ದು 1878ರಲ್ಲಿ. ಚಿತ್ರಕಲೆ ಕಲಿತವರು, ಹೊಟ್ಟೆಪಾಡಿಗೆ ಮ್ಯೂನಿಕ್‌ನ ಪ್ರಕಾಶಕರಿಗೆ ಪುಸ್ತಕ ವಿನ್ಯಾಸ ಮಾಡಿದವರು. ಪುಸ್ತಕದ ಪುಟ ಹೇಗೆ ಉಸಿರಾಡಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. 1924ರಲ್ಲಿ ಯಾಕೋಬ್ ಹೆಗ್ನರ್ ಎಂಬ ಪ್ರಕಾಶಕ ಬಂದು, ನಮ್ಮ ಕಾಲಕ್ಕೆ ತಕ್ಕ ಅಕ್ಷರ ಬೇಕು ಎಂದು ಕೇಳಿದರು. ರೆನ್ನರ್ ಗೀಚಲು ಶುರುಮಾಡಿದರು. ಕೊನೆಗೆ ಅದನ್ನು ಕೈಗೆತ್ತಿಕೊಂಡದ್ದು ಫ್ರಾಂಕ್‌ಫರ್ಟ್‌ನ ಬಾವರ್ ಎರಕಮನೆ. ಅಚ್ಚುಮೊಳೆಗಳನ್ನು ಸೀಸದ ಮಿಶ್ರಲೋಹದಲ್ಲಿ ಎರಕ ಹೊಯ್ದು ಮುದ್ರಣಾಲಯಗಳಿಗೆ ಮಾರುವ ಕಂಪನಿ ಅದು.

ರೆನ್ನರ್ ಅವರ ಮೊದಲ ನಕ್ಷೆಗಳು ಬಹಳ ಕಟ್ಟುನಿಟ್ಟು. ವೃತ್ತ, ಚೌಕ, ತ್ರಿಕೋನ ಬಿಟ್ಟರೆ ಬೇರೆ ಮಾತಿಲ್ಲ. ಸಣ್ಣಕ್ಷರದ ‘ಆರ್’ ಎಂದರೆ ಒಂದು ನೆಟ್ಟ ಕಡ್ಡಿ, ಪಕ್ಕದಲ್ಲೊಂದು ಚುಕ್ಕೆ! ಎರಕಮನೆಯವರು ಇವನ್ನು ಕೊರೆದು, ಅಚ್ಚು ಹಾಕಿ, ಓದಿ ನೋಡಿದರು. ನಕ್ಷೆಯಲ್ಲಿ ಚೆಂದ ಕಂಡದ್ದು ಸಾಲಿನಲ್ಲಿ ಎಡವುತ್ತಿತ್ತು. ವರ್ಷಗಟ್ಟಲೆ ತಿದ್ದಾಟ ನಡೆದು, 1927ರಲ್ಲಿ ಅಕ್ಷರ ಮಾರುಕಟ್ಟೆಗೆ ಬಂತು. ‘ನಮ್ಮ ಕಾಲದ ಅಕ್ಷರ’ ಎಂದೇ ಬಾವರ್ ಅದನ್ನು ಪ್ರಚಾರ ಮಾಡಿತು.

> ಬಾಕ್ಸ್ 1: ಒಂದೇ ಹೊತ್ತಿನ ಮಕ್ಕಳು
> • ಜರ್ಮನಿಯ ಬೌಹೌಸ್ ಕಲಾಶಾಲೆಯ ಹರ್ಬರ್ಟ್ ಬಾಯರ್ 1925ರಲ್ಲಿ ಬರೀ ಸಣ್ಣಕ್ಷರಗಳ ‘ಯೂನಿವರ್ಸಲ್’ ಲಿಪಿ ರೂಪಿಸಿದರು.
> • ಯಾಕೋಬ್ ಎರ್ಬಾರ್ ಅವರ ‘ಎರ್ಬಾರ್’, ರುಡಾಲ್ಫ್ ಕಾಖ್ ಅವರ ‘ಕಾಬೆಲ್’, ಇಂಗ್ಲೆಂಡಿನ ಎರಿಕ್ ಗಿಲ್ ಅವರ ‘ಗಿಲ್ ಸಾನ್ಸ್’ ಕೂಡ 1920ರ ದಶಕದ ಉತ್ತರಾರ್ಧದಲ್ಲೇ ಬಂದವು.
> • ಫ್ಯೂಚುರಾವನ್ನು ಬೌಹೌಸ್‌ನ ಕೂಸು ಎಂದು ಅನೇಕರು ಭಾವಿಸುತ್ತಾರೆ. ರೆನ್ನರ್ ಆ ಶಾಲೆಯ ವಿದ್ಯಾರ್ಥಿಯೂ ಅಲ್ಲ, ಮೇಷ್ಟ್ರೂ ಅಲ್ಲ.

### ವೃತ್ತದಂತೆ ಕಾಣುವುದು

ಫ್ಯೂಚುರಾದ ‘ಓ’ ಅಕ್ಷರವನ್ನು ನೋಡಿದವರು, ಕೈವಾರದಲ್ಲಿ ಎಳೆದ ವೃತ್ತ ಎನ್ನುತ್ತಾರೆ. ದೊಡ್ಡದು ಮಾಡಿ ಅಳೆದರೆ ಸಂಗತಿ ಬೇರೆ. ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮನಿಲ್ಲ. ಅಡ್ಡ ಓಡುವ ಗೆರೆ ನೆಟ್ಟ ಗೆರೆಗಿಂತ ದಪ್ಪವಾಗಿ ಕಾಣುವುದು ನಮ್ಮ ಕಣ್ಣಿನ ಸ್ವಭಾವ. ಹಾಗಾಗಿ ಮೇಲೆ, ಕೆಳಗೆ ಗೆರೆಯನ್ನು ಕೊಂಚ ತೆಳು ಮಾಡಿದ್ದಾರೆ. ಆ ತಿದ್ದುಪಡಿಯಿಂದಲೇ ಅದು ನಿಜವಾದ ವೃತ್ತದಂತೆ ಕಾಣುತ್ತದೆ.

ಸಣ್ಣಕ್ಷರದ ‘ಎನ್’ ನೋಡಿ. ಬಿಲ್ಲಿನಂಥ ಗೆರೆ ಕಂಬವನ್ನು ಸೇರುವ ಜಾಗದಲ್ಲಿ ಸಣ್ಣಗಾಗುತ್ತದೆ. ಹಾಗೆ ಮಾಡದಿದ್ದರೆ ಅಲ್ಲೊಂದು ಕಪ್ಪು ಗಂಟು ಕೂರುತ್ತಿತ್ತು. ದೊಡ್ಡಕ್ಷರ ‘ಎ’ಯ ಚೂಪು ತುದಿ ಪಕ್ಕದ ಅಕ್ಷರಗಳ ತಲೆಯ ಮಟ್ಟಕ್ಕಿಂತ ತುಸು ಮೇಲೆ ಚಾಚಿದೆ. ಚೂಪು ತುದಿ ಯಾವಾಗಲೂ ಇದ್ದುದಕ್ಕಿಂತ ಗಿಡ್ಡ ಕಾಣುತ್ತದಲ್ಲ, ಆ ಕೊರತೆ ತುಂಬಲು.

ಇನ್ನೊಂದು ಗುಟ್ಟು ಅಗಲದಲ್ಲಿದೆ. ದೊಡ್ಡಕ್ಷರಗಳಲ್ಲಿ ‘ಓ’ ತುಂಬ ಅಗಲ, ‘ಇ’, ‘ಎಫ್’, ‘ಎಲ್’ ಕಿರಿದು. ರೋಮನ್ನರು ಎರಡು ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳ ಅಳತೆ ಇದು. ಭವಿಷ್ಯದ ಹೆಸರು ಹೊತ್ತ ಅಕ್ಷರದ ಬೇರು ಅಷ್ಟು ಹಳೆಯ ಶಾಸನಗಳಲ್ಲಿದೆ. ಯಂತ್ರದಂತೆ ಕಾಣುವ ಫ್ಯೂಚುರಾ ಇಂದಿಗೂ ಓದಿಸಿಕೊಳ್ಳುವುದು ಇದೇ ಕಾರಣಕ್ಕೆ.

### ದಪ್ಪ ಮಾಡುವುದು, ಓರೆ ಮಾಡುವುದು

ತೆಳು ಅಕ್ಷರವನ್ನು ದಪ್ಪ ಮಾಡಲು ಗೆರೆ ಉಬ್ಬಿಸಿದರೆ ಸಾಲದು. ಗೆರೆ ಹೊರಗೂ ಬೆಳೆಯುತ್ತದೆ, ಒಳಗೂ ಬೆಳೆಯುತ್ತದೆ. ಒಳಗೆ ಬೆಳೆದಂತೆ ಅಕ್ಷರದ ಹೊಟ್ಟೆಯ ಬಯಲು ಮುಚ್ಚಿಕೊಳ್ಳುತ್ತದೆ. ಶಾಯಿ ಹರಡಿದರೆ ‘ಇ’ ಯಾವುದು, ‘ಸಿ’ ಯಾವುದು ಗೊತ್ತಾಗದು. ಆದ್ದರಿಂದ ದಪ್ಪಕ್ಷರದಲ್ಲಿ ಜ್ಯಾಮಿತಿಯ ನಿಯಮಗಳನ್ನು ಇನ್ನಷ್ಟು ಮುರಿಯಬೇಕು. ಎಲ್ಲಿ ಎರಡು ಗೆರೆ ಕೂಡುತ್ತವೋ ಅಲ್ಲಿ ಕೆತ್ತಿ ತೆಗೆಯಬೇಕು, ಹೊಟ್ಟೆಯ ಬಯಲನ್ನು ಕಾಪಾಡಬೇಕು.

ಓರೆಯಾಗಿಸುವುದು ಇನ್ನೂ ನಾಜೂಕು. ಒಂದು ಉಂಗುರವನ್ನು ಬಲಕ್ಕೆ ಸೊಟ್ಟ ಮಾಡಿದ್ದೀರಿ ಎನ್ನಿ. ಅದರ ಮೇಲಿನ ಬಲಮೂಲೆ, ಕೆಳಗಿನ ಎಡಮೂಲೆ ದಪ್ಪವಾಗುತ್ತವೆ. ಉಳಿದೆರಡು ಮೂಲೆ ಸೊರಗುತ್ತವೆ. ನೆಟ್ಟಗಿದ್ದಾಗ ಸಮಾಧಾನವಾಗಿದ್ದ ‘ಓ’ ಈಗ ಯಾರೋ ಎಳೆದು ಹಿಗ್ಗಿಸಿದಂತೆ ಕಾಣುತ್ತದೆ. ವಿನ್ಯಾಸಕರು ಆ ನಾಲ್ಕು ಮೂಲೆಗಳನ್ನೂ ಕೈಯಿಂದ ತಿದ್ದಿ ತೂಕ ಸರಿದೂಗಿಸಬೇಕು. 1930ರ ದಶಕದಲ್ಲಿ ಫ್ಯೂಚುರಾದ ಓರೆ ರೂಪಗಳು ಒಂದೊಂದಾಗಿ ಬಂದು ಕುಟುಂಬ ದೊಡ್ಡದಾಯಿತು.

ಹೀಗೆ ದಪ್ಪವೂ ಓರೆಯೂ ಒಂದಾದಾಗ ಅಕ್ಷರದ ನಡೆಯೇ ಬದಲಾಗುತ್ತದೆ. ದಪ್ಪದಿಂದ ದನಿ ಏರುತ್ತದೆ, ಓರೆಯಿಂದ ವೇಗ ಬರುತ್ತದೆ. ಮುಂದಕ್ಕೆ ಬಾಗಿದ ಅಕ್ಷರ ಓದುಗನ ಕಡೆಗೆ ನುಗ್ಗಿಬಂದಂತೆ ತೋರುತ್ತದೆ. ಎರಡು–ಮೂರು ಪದಗಳಿಗೆ ಇದು ಅಸ್ತ್ರ. ಇಡೀ ಪುಟಕ್ಕೆ ಹಾಕಿದರೆ ಕಣ್ಣು ಬಳಲುತ್ತದೆ. ಇಂಥ ಅಕ್ಷರಗಳನ್ನು ‘ಡಿಸ್‌ಪ್ಲೇ’ ಎಂದು ಬೇರೆ ಗುಂಪಿಗೆ ಸೇರಿಸುವುದು ಅದಕ್ಕೇ. ತಲೆಬರಹ, ಪೋಸ್ಟರ್, ಬೋರ್ಡು ಇವುಗಳ ಮನೆ.

> ಬಾಕ್ಸ್ 2: ಇಟಾಲಿಕ್ ಎಲ್ಲಿಂದ ಬಂತು?
> • ಇಟಾಲಿಕ್ ಹುಟ್ಟಿದ್ದು ವೆನಿಸ್ ನಗರದಲ್ಲಿ. ಪ್ರಕಾಶಕ ಆಲ್ಡಸ್ ಮನೂಟಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಮೊಳೆಗಳಲ್ಲಿ 1501ರಲ್ಲಿ ವರ್ಜಿಲ್ ಕವಿಯ ಕೃತಿ ಅಚ್ಚಾಯಿತು.
> • ಅದು ವಿದ್ವಾಂಸರ ಕೂಡುಬರಹವನ್ನು ಹೋಲುವ ಅಕ್ಷರ. ಅಲ್ಲಿ ಅಕ್ಷರದ ರೂಪವೇ ಬೇರೆ. ಓಬ್ಲೀಕ್‌ನಲ್ಲಿ ರೂಪ ಅದೇ, ನಿಲುವು ಮಾತ್ರ ಓರೆ.
> • ತುದಿಯ ಅಡ್ಡಗೆರೆಯಿಲ್ಲದ (ಸಾನ್ಸ್ ಸೆರಿಫ್) ಮೊದಲ ಅಚ್ಚುಮೊಳೆಯ ಮಾದರಿ 1816ರಲ್ಲಿ ಲಂಡನ್‌ನ ನಾಲ್ಕನೇ ವಿಲಿಯಂ ಕ್ಯಾಸ್ಲನ್ ಅವರ ಪಟ್ಟಿಯಲ್ಲಿ ಕಾಣಿಸಿತು. ಅದರಲ್ಲಿದ್ದದ್ದು ದೊಡ್ಡಕ್ಷರಗಳು ಮಾತ್ರ.

### ಅಕ್ಷರದ ಮೇಲೆ ಅನುಮಾನ

1930ರ ದಶಕದ ಆರಂಭದ ಜರ್ಮನಿಯಲ್ಲಿ ಲಿಪಿಯೂ ರಾಜಕೀಯವಾಗಿತ್ತು. ಫ್ರಾಕ್ಟೂರ್ ನಿಜವಾದ ಜರ್ಮನ್ ಲಿಪಿ, ರೋಮನ್ ಅಕ್ಷರ ಪರದೇಶಿ ಎಂದು ಒಂದು ಗುಂಪು ಬೊಬ್ಬೆ ಹಾಕುತ್ತಿತ್ತು. ಹೊಸ ವಾಸ್ತುಶಿಲ್ಪ, ಹೊಸ ಚಿತ್ರಕಲೆ, ಹೊಸ ಮುದ್ರಣ ಎಲ್ಲಕ್ಕೂ ‘ಸಾಂಸ್ಕೃತಿಕ ಬೊಲ್ಶೆವಿಕ್‌ವಾದ’ ಎಂಬ ಹಣೆಪಟ್ಟಿ ಅಂಟಿಸುತ್ತಿತ್ತು.

ಮ್ಯೂನಿಕ್‌ನ ಮುದ್ರಣ ಶಾಲೆಯ ಮುಖ್ಯಸ್ಥರಾಗಿದ್ದ ರೆನ್ನರ್ ಸುಮ್ಮನೆ ಕೂರಲಿಲ್ಲ. ಆ ಹಣೆಪಟ್ಟಿಯನ್ನೇ ಹೆಸರಾಗಿಟ್ಟು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, 1932ರಲ್ಲಿ ಒಂದು ಕಿರುಪುಸ್ತಕ ಬರೆದರು. ಅದು ಅಚ್ಚಾಗಿದ್ದು ಸ್ವಿಟ್ಜರ್ಲೆಂಡಿನಲ್ಲಿ. ನಾಜಿಗಳ ಕಲಾನೀತಿಯನ್ನು ಅದರಲ್ಲಿ ನೇರವಾಗಿ ಖಂಡಿಸಿದ್ದರು.

ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಮಾರ್ಚ್‌ನಲ್ಲಿ ರೆನ್ನರ್ ಅವರ ಶಾಲೆಯ ಮೇಷ್ಟ್ರು, ಹೊಸ ಮುದ್ರಣಕಲೆಯ ಪ್ರಚಾರಕ ಯಾನ್ ಚಿಖೋಲ್ಡ್ ಅವರ ಬಂಧನವಾಯಿತು. ಏಪ್ರಿಲ್‌ನಲ್ಲಿ ರೆನ್ನರ್ ಸರದಿ. ಬಹಳ ದಿನ ಇಟ್ಟುಕೊಳ್ಳಲಿಲ್ಲ, ಬಿಟ್ಟರು. ಆದರೆ ಕಟ್ಟಿ ಬೆಳೆಸಿದ ಶಾಲೆಯ ಹುದ್ದೆ ಹೋಯಿತು. ಚಿಖೋಲ್ಡ್ ಸ್ವಿಟ್ಜರ್ಲೆಂಡಿಗೆ ಹೊರಟುಹೋದರು. ರೆನ್ನರ್ ದೇಶದಲ್ಲೇ ಉಳಿದು, ಹೆಚ್ಚಾಗಿ ಚಿತ್ರ ಬರೆಯುತ್ತ ದಿನ ದೂಡಿದರು. 1956ರಲ್ಲಿ ತೀರಿಕೊಂಡರು.

ಇದೇ ಆಡಳಿತ 1941ರ ಜನವರಿ 3ರಂದು ಉಲ್ಟಾ ಹೊಡೆಯಿತು. ಫ್ರಾಕ್ಟೂರ್ ವಾಸ್ತವದಲ್ಲಿ ಯಹೂದಿ ಅಕ್ಷರ, ಇನ್ನು ಮುಂದೆ ರೋಮನ್ ಅಕ್ಷರವನ್ನೇ ಬಳಸತಕ್ಕದ್ದು ಎಂದು ಮಾರ್ಟಿನ್ ಬೋರ್ಮನ್ ಸುತ್ತೋಲೆ ಹೊರಡಿಸಿದ. ಆ ಸುತ್ತೋಲೆಯ ಕಾಗದದ ತಲೆಯಲ್ಲಿ ಅಚ್ಚಾಗಿದ್ದದ್ದು ಅದೇ ಕಪ್ಪು ಲಿಪಿ. ನಿನ್ನೆಯವರೆಗೆ ದೇಶಭಕ್ತಿಯ ಗುರುತಾಗಿದ್ದ ಅಕ್ಷರ ಒಂದು ಸಹಿಯಿಂದ ದ್ರೋಹಿಯಾಯಿತು. ಲಿಪಿಯ ಆಕಾರದಲ್ಲಿ ಜನಾಂಗವನ್ನು ಹುಡುಕುವವರ ಮಾತಿಗೆ ಬುಡವೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

### ಚಂದ್ರನಲ್ಲಿಗೆ, ಕಾರಿನ ಜಾಹೀರಾತಿಗೆ

ಅಷ್ಟರಲ್ಲಿ ಫ್ಯೂಚುರಾ ಸಮುದ್ರ ದಾಟಿ ಅಮೆರಿಕದಲ್ಲಿ ನೆಲೆಯೂರಿತ್ತು. ಅಲ್ಲಿನ ಮುದ್ರಣ ಕಂಪನಿಗಳು ಅದರ ತದ್ರೂಪುಗಳನ್ನೂ ತಂದವು: ಸ್ಪಾರ್ಟನ್, ವೋಗ್, ಟೆಂಪೊ, ಟ್ವೆಂಟಿಯತ್ ಸೆಂಚುರಿ. ಗಿರಾಕಿ ಯಾವ ಕಂಪನಿಯ ಯಂತ್ರ ಕೊಂಡಿದ್ದರೂ ಈ ಬಗೆಯ ಅಕ್ಷರ ಸಿಗುತ್ತಿತ್ತು.

1959ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಜಾಹೀರಾತು ಬಂತು. ಪುಟದ ಬಹುಪಾಲು ಖಾಲಿ, ಮೂಲೆಯಲ್ಲೊಂದು ಪುಟಾಣಿ ಕಾರು, ಕೆಳಗೆ ಫ್ಯೂಚುರಾದಲ್ಲಿ ಎರಡೇ ಪದದ ತಲೆಬರಹ. ದೊಡ್ಡ ಕಾರಿನ ವ್ಯಾಮೋಹದ ದೇಶಕ್ಕೆ ಚಿಕ್ಕದಾಗಿ ಯೋಚಿಸಲು ಹೇಳಿದ ಆ ಜಾಹೀರಾತು ಇವತ್ತಿಗೂ ಜಾಹೀರಾತು ತರಗತಿಗಳ ಪಾಠ.

1969ರ ಜುಲೈನಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿಯಿತು. ನೌಕೆಯ ಕಾಲಿಗೆ ಸ್ಟೇನ್‌ಲೆಸ್ ಸ್ಟೀಲಿನ ಫಲಕ ಬಿಗಿದಿದ್ದರು. ಭೂಮಿಯ ಎರಡು ಗೋಳಾರ್ಧಗಳ ಚಿತ್ರ, ಮೂವರು ಗಗನಯಾತ್ರಿಗಳ ಮತ್ತು ಅಧ್ಯಕ್ಷ ನಿಕ್ಸನ್ ಸಹಿ, ನಡುವೆ ಇಡೀ ಮನುಕುಲದ ಪರವಾಗಿ ಶಾಂತಿಯಿಂದ ಬಂದೆವು ಎಂಬ ಒಕ್ಕಣೆ. ಅಕ್ಷರ ಫ್ಯೂಚುರಾದ ನೆಟ್ಟ ದೊಡ್ಡಕ್ಷರಗಳು. ನೌಕೆಯ ಕೆಳಭಾಗ ಅಲ್ಲೇ ಉಳಿಯಿತು. ತನ್ನ ದೇಶದಲ್ಲಿ ಅನುಮಾನಕ್ಕೆ ಗುರಿಯಾದ ವಿನ್ಯಾಸಕನ ಅಕ್ಷರ ಈಗಲೂ ಚಂದ್ರನ ಮೇಲಿದೆ.

ಪೀಠೋಪಕರಣದ ಐಕಿಯಾ ಕಂಪನಿ 2009ರವರೆಗೂ ಇದನ್ನೇ ಬಳಸಿತು. ವೆಸ್ ಆಂಡರ್ಸನ್ ನಿರ್ದೇಶನದ ‘ದಿ ರಾಯಲ್ ಟೆನೆನ್‌ಬಾಮ್ಸ್’ ಚಿತ್ರದ ತುಂಬ ಫ್ಯೂಚುರಾ ಬೋಲ್ಡ್ ಕಾಣಿಸುತ್ತದೆ. ಹೀಗೆ ಮಾರುಕಟ್ಟೆ, ಸರ್ಕಾರ, ಸಿನಿಮಾ ಎಲ್ಲರಿಗೂ ಬೇಕಾದ ದನಿಯಾದ ಈ ಅಕ್ಷರ ನಡುವೆ ಕ್ರೂಗರ್ ಕೈಯನ್ನೂ ಸೇರಿತು.

### ಪತ್ರಿಕೆಯ ಮೇಜಿನಿಂದ ಗೋಡೆಗೆ

ಬಾರ್ಬರಾ ಕ್ರೂಗರ್ 1945ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್ ನಗರದಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ನ್ಯೂಯಾರ್ಕಿನ ‘ಮದ್‌ಮೊಜೆಲ್’ ಎಂಬ ಮಹಿಳಾ ಪತ್ರಿಕೆಯ ವಿನ್ಯಾಸ ವಿಭಾಗ ಸೇರಿದರು. ಫೋಟೊ ಕತ್ತರಿಸುವುದು, ಅದರ ಮೇಲೆ ತಲೆಬರಹ ಅಂಟಿಸುವುದು, ಪುಟ ತಿರುಗಿಸುವ ಓದುಗರನ್ನು ಅರೆಕ್ಷಣ ನಿಲ್ಲಿಸುವುದು ಅಲ್ಲಿನ ದಿನಗೆಲಸ. ಹೆಣ್ಣು ಹೇಗಿರಬೇಕು, ಏನು ಕೊಳ್ಳಬೇಕು ಎಂದು ಹೇಳಿಕೊಡುವ ಪುಟಗಳವು.

1980ರ ದಶಕದಲ್ಲಿ ಅವರು ಆ ಕಸುಬನ್ನೇ ತಿರುಗಿಸಿ ಹಿಡಿದರು. ಹಳೆಯ ಪತ್ರಿಕೆ, ಕೈಪಿಡಿಗಳ ಕಪ್ಪು–ಬಿಳುಪು ಫೋಟೊ ಆರಿಸುವುದು, ಅದರ ಮೇಲೆ ಕೆಲವೇ ಪದಗಳ ಪಟ್ಟಿ ಅಂಟಿಸುವುದು. ಮೂಲ ಪ್ರತಿಗಳು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕವು. ಆಮೇಲೆ ಅವು ಗೋಡೆಯಗಲಕ್ಕೆ ಹಿಗ್ಗುತ್ತಿದ್ದವು. ಪದಗಳಲ್ಲಿ ‘ನಾನು’, ‘ನೀನು’, ‘ನಾವು’ ಎಂಬ ನೇರ ಸಂಬೋಧನೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡುಗರೇ ಕೇಳಿಕೊಳ್ಳಬೇಕು.

1987ರ ಕೃತಿಯೊಂದರಲ್ಲಿ ಒಂದು ಕೈ, ಬೆರಳುಗಳ ನಡುವೆ ಕೆಂಪು ಚೀಟಿ. ‘ಕೊಳ್ಳುತ್ತೇನೆ, ಆದ್ದರಿಂದ ಇದ್ದೇನೆ’ ಎಂದು ಅದರ ಮೇಲೆ ಬರೆದಿದೆ. ಯೋಚಿಸುವುದರಿಂದಲೇ ನನ್ನ ಇರವು ಎಂದ ತತ್ತ್ವಜ್ಞಾನಿ ಡೆಕಾರ್ಟ್‌ನ ಮಾತಿಗೆ ಅಂಗಡಿ ಯುಗದ ಉತ್ತರ. ಮುಂದೆ ಅದನ್ನೇ ಕಾಗದದ ಕೈಚೀಲಗಳ ಮೇಲೂ ಅಚ್ಚು ಹಾಕಿಸಿದರು. ಸಂತೆಯನ್ನು ಪ್ರಶ್ನಿಸುವ ಮಾತು ಸಂತೆಯ ಚೀಲದ ಮೇಲೇ ಕೂತು ಊರಾಡಿತು.

ಈ ಕೃತಿಗಳು ಕೆಲಸ ಮಾಡುವುದು ಅಕ್ಷರದಿಂದ. ಇದೇ ಮಾತನ್ನು ನವಿರಾದ, ಬಳುಕುವ ಅಕ್ಷರದಲ್ಲಿ ಬರೆದರೆ ಕವಿತೆಯ ಸಾಲಾಗುತ್ತಿತ್ತು. ಫ್ಯೂಚುರಾ ಬೋಲ್ಡ್ ಓಬ್ಲೀಕ್ ಆಗಲೇ ಜಾಹೀರಾತಿನ ದನಿಯಾಗಿತ್ತು, ಆಜ್ಞೆ ಮಾಡುವ ದನಿ. ಆ ದನಿಯಲ್ಲೇ ಜಾಹೀರಾತಿನ ಬಾಯಿಂದ ಎಂದೂ ಬಾರದ ಮಾತು ಬಂದಾಗ ನೋಡುಗರು ಬೆಚ್ಚಿದರು. ವಾಷಿಂಗ್ಟನ್ ಮೆರವಣಿಗೆಯ ಪೋಸ್ಟರ್ ನ್ಯೂಯಾರ್ಕಿನ ಗೋಡೆಗಳಲ್ಲೂ ರಾರಾಜಿಸಿತು. 1991ರಲ್ಲಿ ಅದರ ಪೋಲಿಷ್ ರೂಪ ಪೋಲೆಂಡಿನಲ್ಲಿ ಕಾಣಿಸಿತು. ಗರ್ಭಪಾತದ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ಕಿತ್ತುಕೊಂಡಾಗ, ಮೂವತ್ತಮೂರು ವರ್ಷ ಹಳೆಯ ಆ ಪೋಸ್ಟರ್ ಹಳತೆನಿಸಲಿಲ್ಲ.

### ಟೀ ಶರ್ಟಿನ ಎದೆಗೆ

1994ರಲ್ಲಿ ನ್ಯೂಯಾರ್ಕಿನ ಲಫಾಯೆಟ್ ಬೀದಿಯಲ್ಲಿ ಜೇಮ್ಸ್ ಜೆಬ್ಬಿಯಾ ಎಂಬವರು ಸ್ಕೇಟ್‌ಬೋರ್ಡ್ ಹುಡುಗರಿಗಾಗಿ ಒಂದು ಬಟ್ಟೆ ಅಂಗಡಿ ತೆರೆದರು. ಹೆಸರು ‘ಸುಪ್ರೀಮ್’. ಲೋಗೊ ಕೆಂಪು ಚೌಕಟ್ಟು, ಒಳಗೆ ಬಿಳಿಯ ಓರೆ ಫ್ಯೂಚುರಾ. ತೂಕದಲ್ಲಿ ಬೋಲ್ಡ್‌ನ ತಮ್ಮನಾದ ‘ಹೆವಿ’. ಕ್ರೂಗರ್ ಕೃತಿಗಳೇ ಪ್ರೇರಣೆ ಎಂದು ಜೆಬ್ಬಿಯಾ ಒಪ್ಪಿಕೊಂಡಿದ್ದಾರೆ.

ಸ್ವಲ್ಪವೇ ಮಾಲು, ನಿಗದಿತ ದಿನ, ಅಂಗಡಿ ಮುಂದೆ ಉದ್ದನೆ ಸಾಲು. ಇದು ಸುಪ್ರೀಮ್ ವ್ಯಾಪಾರದ ಕ್ರಮ. 2016ರಲ್ಲಿ ಅದು ಜೇಡಿಮಣ್ಣಿನ ಇಟ್ಟಿಗೆಯೊಂದರ ಮೇಲೆ ತನ್ನ ಹೆಸರು ಒತ್ತಿ 30 ಡಾಲರಿಗೆ ಮಾರಿತು. ಅದೂ ಖರ್ಚಾಗಿ, ಕೊಂಡವರು ಹಲವು ಪಟ್ಟು ಬೆಲೆಗೆ ಮರುಮಾರಾಟಕ್ಕಿಟ್ಟರು. ಗೋಡೆ ಕಟ್ಟುವ ಇಟ್ಟಿಗೆಗೆ ಆ ಬೆಲೆ ತಂದುಕೊಟ್ಟದ್ದು ಅದರ ಮೈಮೇಲಿನ ಕೆಲವು ಓರೆ ಅಕ್ಷರಗಳು.

2013ರಲ್ಲಿ ಕಥೆ ಕೋರ್ಟಿಗೆ ಹೋಯಿತು. ಲಿಯಾ ಮೆಕ್‌ಸ್ವೀನಿ ಎಂಬ ವಿನ್ಯಾಸಕಿಯ ‘ಮ್ಯಾರೀಡ್ ಟು ದ ಮಾಬ್’ ಕಂಪನಿ ಗಂಡಸರ ಸ್ಕೇಟ್ ಲೋಕವನ್ನು ಅಣಕಿಸಿ, ಸುಪ್ರೀಮ್ ಹೆಸರಿಗೆ ಇನ್ನೊಂದು ಪದ ಸೇರಿಸಿ, ಅದೇ ಶೈಲಿಯ ಟೀ ಶರ್ಟ್ ಮಾಡಿತ್ತು. ಸುಪ್ರೀಮ್ 1 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. ಪತ್ರಿಕೆಯೊಂದು ಕ್ರೂಗರ್ ಅವರ ಅಭಿಪ್ರಾಯ ಕೇಳಿದಾಗ, ‘ಮೂರ್ಖರು’ ಎಂಬರ್ಥದ ಹೆಸರಿನ ಒಂದು ಕಡತ ಉತ್ತರವಾಗಿ ಬಂತು. ಎರಡೂ ಕಡೆಯವರನ್ನು ಕಟುವಾಗಿ ಜರೆದು, ಇಂಥ ಪ್ರಹಸನಗಳ ಬಗ್ಗೆಯೇ ತಾನು ಕೃತಿ ಮಾಡುವುದು, ಇವರೆಲ್ಲ ಇನ್ನು ತನ್ನ ಮೇಲೇ ಕೇಸು ಹಾಕುವುದನ್ನು ಕಾಯುತ್ತಿರುವೆ ಎಂದು ಅವರು ಬರೆದಿದ್ದರು. ದಾವೆ ರಾಜಿಯಲ್ಲಿ ಮುಗಿಯಿತು.

ಕ್ರೂಗರ್ ಅವರ ನಿಜವಾದ ಉತ್ತರ ಬಂದದ್ದು 2017ರ ನವೆಂಬರ್‌ನಲ್ಲಿ. ನ್ಯೂಯಾರ್ಕಿನ ಪರ್ಫಾರ್ಮಾ ಕಲಾ ಉತ್ಸವದಲ್ಲಿ ಮ್ಯಾನ್‌ಹಟನ್ ಸೇತುವೆಯ ಅಡಿಯ ಸ್ಕೇಟ್ ಪಾರ್ಕಿಗೆ ತಮ್ಮ ಅಕ್ಷರಗಳನ್ನು ತೊಡಿಸಿದರು. ಮೆಟ್ರೊ ರೈಲಿನ 50,000 ಕಾರ್ಡುಗಳ ಮೇಲೆ ಪ್ರಶ್ನೆಗಳನ್ನು ಅಚ್ಚು ಹಾಕಿಸಿದರು. ಅದೇ ವರ್ಷದ ಆರಂಭದಲ್ಲಿ ಸುಪ್ರೀಮ್ ತನ್ನ ಲೋಗೊ ಇದ್ದ ಮೆಟ್ರೊ ಕಾರ್ಡು ತಂದು ನೂಕುನುಗ್ಗಲು ಎಬ್ಬಿಸಿತ್ತು. ಒಂದೇ ಅಕ್ಷರ, ಒಂದೇ ಬಣ್ಣ, ಒಂದೇ ಕಾರ್ಡು. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಪ್ರಶ್ನೆ.

ಸುಪ್ರೀಮ್ ಕಂಪನಿಯನ್ನು 2020ರಲ್ಲಿ ವಿಎಫ್ ಕಾರ್ಪೊರೇಷನ್ 210 ಕೋಟಿ ಡಾಲರಿಗೆ ಕೊಂಡಿತು. 2024ರಲ್ಲಿ ಎಸಿಲೋರ್‌ಲಕ್ಸೋಟಿಕಾಗೆ 150 ಕೋಟಿ ಡಾಲರಿಗೆ ಮಾರಿತು.

> ಬಾಕ್ಸ್ 3: ಅಕ್ಷರ ಯಾರ ಸೊತ್ತು?
> • ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕಾಪಿರೈಟ್ ಇಲ್ಲ. 1978ರ ಎಲ್ಟ್ರಾ ಕಾರ್ಪೊರೇಷನ್ ಮೊಕದ್ದಮೆಯ ತೀರ್ಪು ಇದನ್ನು ಗಟ್ಟಿ ಮಾಡಿತು.
> • ಕಂಪ್ಯೂಟರಿನ ಫಾಂಟ್ ಕಡತವನ್ನು ಸಾಫ್ಟ್‌ವೇರ್ ಎಂದು ಪರಿಗಣಿಸಲಾಗುತ್ತದೆ. ಅದಕ್ಕೆ ರಕ್ಷಣೆಯಿದೆ, ಪರವಾನಗಿ ಬೇಕು.
> • ಕಂಪನಿಯ ಹೆಸರು, ಲೋಗೊಗಳಿಗೆ ಟ್ರೇಡ್‌ಮಾರ್ಕ್ ರಕ್ಷಣೆ ಸಿಗುತ್ತದೆ. ಕೆಂಪು ಪಟ್ಟಿಯಲ್ಲಿ ಓರೆ ಅಕ್ಷರ ಬರೆಯುವ ಶೈಲಿ ಮಾತ್ರ ಯಾರ ಜಹಗೀರೂ ಅಲ್ಲ.

### ನಮ್ಮ ಬೋರ್ಡುಗಳ ಓರೆ

ಸುಪ್ರೀಮ್ ಹೆಸರಿನ ನಕಲಿ ಟೀ ಶರ್ಟುಗಳು ನಮ್ಮ ಊರುಗಳ ಫುಟ್‌ಪಾತಿನಲ್ಲೂ ಸಿಗುತ್ತವೆ. ಆದರೆ ಈ ಅಕ್ಷರದ ಕಥೆ ನಮ್ಮನ್ನು ತಟ್ಟಬೇಕಾದ ಜಾಗ ಅಂಗಡಿಯ ಬೋರ್ಡು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಿಂದ, ನಾಮಫಲಕದ ಶೇ 60ರಷ್ಟು ಜಾಗದಲ್ಲಿ ಕನ್ನಡ ಇರಲೇಬೇಕು. ಬೆಂಗಳೂರಿನ ದೊಡ್ಡ ದೊಡ್ಡ ಮಳಿಗೆಗಳು ರಾತ್ರೋರಾತ್ರಿ ಬೋರ್ಡು ಬದಲಿಸಿದವು. ಇಂಗ್ಲಿಷ್ ಹೆಸರು ದಪ್ಪ ಓರೆ ಅಕ್ಷರದಲ್ಲಿದ್ದರೆ, ಅದಕ್ಕೆ ಜೋಡಿಯಾಗಲೆಂದು ಕನ್ನಡದ ಯಾವುದೋ ಫಾಂಟನ್ನು ಕಂಪ್ಯೂಟರಿನಲ್ಲಿ ಉಬ್ಬಿಸಿ, ಬಲಕ್ಕೆ ತಳ್ಳಿ ಕೂರಿಸಿದರು.

‘ವಸ್ತ್ರಾಲಯ’ ಎಂಬ ಒಂದು ಪದವನ್ನು ಹೀಗೆ ತಳ್ಳಿ ನೋಡಿ. ಅಕ್ಷರದ ತಳಗೆರೆ ಕದಲುವುದಿಲ್ಲ. ಅದರ ಮೇಲಿರುವುದೆಲ್ಲ ಬಲಕ್ಕೆ ಸರಿಯುತ್ತದೆ, ಕೆಳಗಿರುವುದೆಲ್ಲ ಎಡಕ್ಕೆ. ತಲೆಕಟ್ಟು ಮುಂದಿನ ಅಕ್ಷರದ ಮೇಲೆ ಚಾಚುತ್ತದೆ. ‘ಸ್ತ್ರಾ’ದ ಎರಡೂ ಒತ್ತುಗಳು ಹಿಂದಕ್ಕೆ ಜಾರಿ ‘ಸ’ಕಾರದ ಬುಡಕ್ಕೆ ತಾಗುತ್ತವೆ. ಜೊತೆಗೆ ಗೆರೆಯನ್ನೂ ಉಬ್ಬಿಸಿದರೆ ‘ತ’ಕಾರದ, ‘ರ’ಕಾರದ ಒತ್ತುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ದುಂಡಗಿನ ನಮ್ಮ ಲಿಪಿಯಲ್ಲಿ ಬಯಲುಗಳು ಹೆಚ್ಚು. ಉಬ್ಬಿಸಿದಷ್ಟೂ ಮುಚ್ಚಿಹೋಗುವ ಅಪಾಯವೂ ಹೆಚ್ಚು.

ಇಟಾಲಿಕ್ ನಮ್ಮ ಲಿಪಿಯ ಪರಂಪರೆಯಲ್ಲಿ ಇಲ್ಲ. ಹಾಗೆಂದು ಕನ್ನಡದ ಅಕ್ಷರ ಓರೆಯಾಗಿ ಓಡಲಾರದು ಎಂದಲ್ಲ. ಸಿನಿಮಾ ಪೋಸ್ಟರು, ಲಾರಿಯ ಹಣೆ, ನಾಟಕ ಕಂಪನಿಯ ಪರದೆ ಬರೆದ ಕಲಾವಿದರು ಕುಂಚದಲ್ಲೇ ಅದನ್ನು ಸಾಧಿಸಿದ್ದರು. ಅವರು ಒತ್ತನ್ನು ಕೊಂಚ ಮುಂದೆ ಎಳೆಯುತ್ತಿದ್ದರು, ದೀರ್ಘದ ಬಾಲವನ್ನು ಜಾಗಕ್ಕೆ ತಕ್ಕಂತೆ ಗಿಡ್ಡ ಮಾಡುತ್ತಿದ್ದರು. ಬಾವರ್ ಎರಕಮನೆಯವರು ‘ಓ’ದ ನಾಲ್ಕು ಮೂಲೆ ತಿದ್ದಿದ್ದೂ, ನಮ್ಮ ಕಲಾವಿದರು ಒತ್ತಕ್ಷರ ಹೊಂದಿಸಿದ್ದೂ ಒಂದೇ ಜಾತಿಯ ಕೆಲಸ.

ಈಗಿನ ತಲೆಮಾರಿನಲ್ಲೂ ಆ ಶ್ರದ್ಧೆ ಇದೆ. ಏಕ್ ಟೈಪ್ ಬಳಗದ ‘ಬಲೂ ತಮ್ಮ’ ಮುದ್ದಾದ ದಪ್ಪ ಕನ್ನಡ ಅಕ್ಷರ. ಬಯಲು ಮುಚ್ಚದಂತೆ ಗೆರೆಯನ್ನು ಎಲ್ಲಿ ಇಳಿಸಬೇಕು ಎಂದು ಯೋಚಿಸಿ ಮಾಡಿದ್ದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ದಲ್ಲಿ ಕೈಬರಹದ ಚುರುಕಿದೆ. ಇವು ಉಚಿತವಾಗಿಯೇ ಸಿಗುತ್ತವೆ. ಬೋರ್ಡು ಮಾಡುವವರು ಹುಡುಕಿ ಬಳಸಬೇಕು, ಮಾಡಿಸುವವರು ಕೇಳಿ ಪಡೆಯಬೇಕು.

> ಬಾಕ್ಸ್ 4: ದಪ್ಪ ಓರೆ ಅಕ್ಷರ ಬಳಸುವವರಿಗೆ
> • ತಲೆಬರಹ, ಪೋಸ್ಟರ್, ಕ್ರೀಡೆ, ಘೋಷಣೆಗೆ ಒಪ್ಪುತ್ತದೆ. ದೀರ್ಘ ಬರಹ, ಔಷಧಿಯ ಚೀಟಿ, ನಿಯಮಾವಳಿಗೆ ಬೇಡ.
> • ಕೆಲವೇ ಪದ ಇರಲಿ. ಪುಟದಲ್ಲಿ ಎಲ್ಲವೂ ಕೂಗಿದರೆ ಯಾವುದೂ ಕೇಳಿಸದು.
> • ಓರೆ ರೂಪ ಇಲ್ಲದ ಕನ್ನಡ ಫಾಂಟನ್ನು ಕಂಪ್ಯೂಟರಿನಲ್ಲಿ ತಳ್ಳಿ ಓರೆ ಮಾಡುವುದಕ್ಕಿಂತ ನೆಟ್ಟಗಿನ ದಪ್ಪಕ್ಷರವೇ ಮೇಲು.
> • ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಇಡುವಾಗ ಅಕ್ಷರಗಳ ನಡುವೆ ತುಸು ಹೆಚ್ಚು ಜಾಗ ಬಿಡಿ. ಬಿಳಿ ಹರಡಿದಂತೆ ಕಾಣುತ್ತದೆ.

### ದನಿಯ ಲೆಕ್ಕ

ಫ್ಯೂಚುರಾದ ನೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ನಿಚ್ಚಳ. ರೆನ್ನರ್‌ಗೆ ಅದು ತನ್ನ ಕಾಲದ ಅಕ್ಷರ, ಅಪೊಲೊಗೆ ಮನುಕುಲದ ಅಕ್ಷರ, ಕ್ರೂಗರ್‌ಗೆ ಪ್ರಶ್ನೆಯ ಅಕ್ಷರ, ಸುಪ್ರೀಮ್‌ಗೆ ಬೆಲೆಪಟ್ಟಿಯ ಅಕ್ಷರ. ಯಾರೂ ಅದನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಮಾರುಕಟ್ಟೆಯ ದನಿಯನ್ನು ಕ್ರೂಗರ್ ಕಿತ್ತುಕೊಂಡರು, ಅವರ ದನಿಯನ್ನು ಮಾರುಕಟ್ಟೆ ಮರಳಿ ಕಿತ್ತುಕೊಂಡಿತು. ನಾಳೆ ಇನ್ನೊಬ್ಬರು ಅದನ್ನು ಬೀದಿಗೆ ತರಬಹುದು. ಅಕ್ಷರದ ಆಕಾರಕ್ಕೆ ಬೇಲಿ ಹಾಕದಿರುವುದರಿಂದಲೇ ಇದು ಸಾಧ್ಯವಾಗಿದೆ.

ಆದ್ದರಿಂದ ಕೆಂಪು ಪಟ್ಟಿಯ ಮೇಲೆ ಬಿಳಿಯ ಓರೆ ಅಕ್ಷರ ನಮ್ಮನ್ನು ತಡೆದು ನಿಲ್ಲಿಸಿದಾಗ, ಆ ಜೋರು ದನಿಗೆ ಮಣಿಯುವ ಮೊದಲು ಕೇಳಬೇಕು: ಇಲ್ಲಿ ಮಾತಾಡುತ್ತಿರುವವರು ಯಾರು, ನನ್ನಿಂದ ಅವರಿಗೆ ಏನು ಬೇಕು? ಮೊಬೈಲಿನ ಪರದೆಯಿಂದ ಹೆದ್ದಾರಿಯ ಫಲಕದವರೆಗೆ ದಿನವಿಡೀ ಅಕ್ಷರಗಳು ಕೂಗುತ್ತಲೇ ಇರುವ ಕಾಲದಲ್ಲಿ ಈ ಪ್ರಶ್ನೆ ಓದುಬಲ್ಲ ಪ್ರತಿಯೊಬ್ಬರ ಕೆಲಸ.

ಕನ್ನಡದ ಪಾಲಿಗೆ ಇನ್ನೊಂದು ಕೆಲಸವೂ ಇದೆ. ಬೋರ್ಡಿನಲ್ಲಿ ಶೇ 60ರಷ್ಟು ಜಾಗವನ್ನು ಕಾನೂನು ಕೊಡಿಸಿದೆ. ಆ ಜಾಗದಲ್ಲಿ ನಿಲ್ಲುವ ಅಕ್ಷರಕ್ಕೆ ಗತ್ತು ತರುವುದು ಕಾನೂನಿನ ಕೈಯಲ್ಲಿಲ್ಲ. ಬಾವರ್‌ನಂಥ ಕಂಪನಿ ವರ್ಷಗಟ್ಟಲೆ ತಾಳ್ಮೆಯಿಂದ ಹಣ ಹೂಡಿದ್ದರಿಂದ ಒಂದು ಅಕ್ಷರ ನೂರು ವರ್ಷ ಬಾಳಿತು. ಸರ್ಕಾರ, ವಿಶ್ವವಿದ್ಯಾಲಯಗಳು, ಪತ್ರಿಕೆಗಳು, ಕನ್ನಡದಲ್ಲಿ ವ್ಯಾಪಾರ ಮಾಡುವ ಕಂಪನಿಗಳು ನಮ್ಮ ಅಕ್ಷರ ವಿನ್ಯಾಸಕರಿಗೆ ಅಂಥದೇ ಸಮಯ, ಸಂಬಳ ಕೊಡಬೇಕು. ಕೂಗುವ ಅಕ್ಷರವೂ ಬೇಕು, ಪಿಸುಗುಟ್ಟುವ ಅಕ್ಷರವೂ ಬೇಕು. ಮೆರವಣಿಗೆಯ ಫಲಕ ಹಿಡಿದ ಹುಡುಗಿಗೂ ಅಂಗಡಿ ತೆರೆದ ಹುಡುಗನಿಗೂ ತಮ್ಮ ಮಾತನ್ನು ಕನ್ನಡದಲ್ಲಿ ಅಷ್ಟೇ ಗಟ್ಟಿಯಾಗಿ, ಒಂದು ಒತ್ತೂ ಮುದ್ದೆಯಾಗದಂತೆ ಹೇಳಲು ಬರಬೇಕು.